ಔಷಧ ಹಾಕದ ಗಿಡ

ನಮ್ಮಕ್ಕ ನನಗೆ ರೊಟ್ಟಿಯನ್ನು ಚಿಮಟದಿಂದ ಬಡಿಸುತ್ತಿದ್ದಳು. ಹಂಚಿನಿಂದ ಎತ್ತಿ ಸೀದಾ ತಟ್ಟೆಗೆ, ಬೆರಳು ಸೋಕದಂತೆ. ಮನೆಗೆ ಬಂದವರು ನೋಡಿ, "ಅಕ್ಕಾರದು ಭಾಳ ಸ್ವಚ್ಛ ನೋಡ್ರಿ" ಎನ್ನುತ್ತಿದ್ದರು. ಅದು ಸ್ವಚ್ಛತೆಯಲ್ಲ. ನಾನು ಹನ್ನೆರಡು ವರ್ಷದವನಿದ್ದಾಗ ಒಂದು ಸಂಜೆ ಅವಳು ಕೊಟ್ಟ ರೊಟ್ಟಿಯನ್ನು ಮೂಸಿ, ಗೋಡೆಗೆ ಎಸೆದು, "ಹೆಣದ ವಾಸನಿ ಬರ್ತದ" ಎಂದಿದ್ದೆ. ಅವ್ವ ನನ್ನ ಬೆನ್ನಿಗೆ ಎರಡು ಬಿಗಿದಳು. ಅಕ್ಕ ರೊಟ್ಟಿಯನ್ನು ಎತ್ತಿಕೊಂಡು ಹೊರಗೆ ಎಮ್ಮೆಗೆ ಹಾಕಿ ಬಂದಳು. ಮರುದಿನ ಚಿಮಟ ಬಂತು. ಆಮೇಲೆ ಅವ್ವ ಸತ್ತಳು, ನನ್ನ ಮದುವೆಯಾಯಿತು, ನನಗೆ ಮಗಳು ಹುಟ್ಟಿದಳು. ಚಿಮಟ ಮಾತ್ರ ಹೋಗಲಿಲ್ಲ.

ಅಕ್ಕ ಹೋಗಿ ಈಗ ಐದು ತಿಂಗಳು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಗಿಡದ ಅಂಗಡಿಯ ಬೋರ್ಡು ಬಿಟ್ಟರೆ ನಾನು ಬರೆದದ್ದು ಏನೂ ಇಲ್ಲ, ಆ ಬೋರ್ಡಿನಲ್ಲಿ ಬರೆದದ್ದೂ ಖರೆ ಅಲ್ಲ. ಹೇಳಬೇಕಾದಾಗ ಬಾಯಲ್ಲಿ ಹೇಳಲಿಲ್ಲ, ಅದಕ್ಕೇ ಈಗ ಕೈಯಲ್ಲಿ ಬರೆಯುತ್ತಿದ್ದೇನೆ.

ಅಕ್ಕ ಕಲಬುರಗಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲ್ಯಾಬಿನ ಅಟೆಂಡರ್. ಅಪ್ಪ ಫರಸಿ ಕಲ್ಲಿನ ಗಣಿಯಲ್ಲಿ ಕೂಲಿ ಮಾಡಿ ಬೇಗ ಹೋದ. ನಮ್ಮ ಮನೆತನದಲ್ಲಿ ತಿಂಗಳ ಪಗಾರ ಎಂಬುದನ್ನು ಮೊದಲು ಕಂಡವಳು ಅಕ್ಕ. ನೌಕರಿ ಸಿಕ್ಕ ದಿನ ಓಣಿಯಲ್ಲೆಲ್ಲ ಪೇಡೆ ಹಂಚಿದೆವು. ಕೆಲಸ ಏನೆಂದು ಆಮೇಲೆ ತಿಳಿಯಿತು. ಹುಡುಗರು ಕೊಯ್ದು ಕಲಿಯಲು ಕಪ್ಪೆ ಬೇಕು. ಅವುಗಳನ್ನು ತರಬೇಕು, ಗಾಜಿನ ಭರಣಿಯಲ್ಲಿ ಹಾಕಿ ಕ್ಲೋರೋಫಾರ್ಮ್ ಕೊಟ್ಟು ಕೊಲ್ಲಬೇಕು, ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿಸಿ ಕೈಕಾಲಿಗೆ ಪಿನ್ನು ಚುಚ್ಚಿ ಇಡಬೇಕು, ಎಲ್ಲ ಮುಗಿದ ಮೇಲೆ ಬಳಿದು ಹಾಕಬೇಕು. ಲ್ಯಾಬಿನಲ್ಲಿ ಇನ್ನೂ ಇಬ್ಬರು ಇದ್ದರು. ಒಬ್ಬರಿಗೆ ವಾರವಿಡೀ ಒಂದಲ್ಲ ಒಂದು ಉಪವಾಸ, ಇನ್ನೊಬ್ಬರಿಗೆ ಮಡಿ. "ನಿಮಗ ರೂಢಿ ಇರ್ತದಲ್ಲ ಬಾಯಿ" ಎಂದರಂತೆ. ಯಾವ ರೂಢಿ ಎಂದು ಅವರು ಬಿಡಿಸಿ ಹೇಳಲಿಲ್ಲ, ಇವಳು ಕೇಳಲಿಲ್ಲ. ಕಪ್ಪೆ ಇವಳ ಪಾಲಿಗೆ ಬಂದವು.

ಕಪ್ಪೆ ರೈಲಿನಲ್ಲಿ ಬರುತ್ತಿದ್ದವು. ಸ್ಟೇಶನ್ ಬಜಾರದಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಪಾರ್ಸಲ್ ಆಫೀಸಿನ ಮೂಲೆಯಲ್ಲಿ ಒದ್ದೆ ಗೋಣಿಚೀಲ, ಒಳಗಿನಿಂದ ಅಲ್ಲಲ್ಲಿ ಉಬ್ಬುತ್ತ, ತಗ್ಗುತ್ತ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಹಮಾಲರಲ್ಲೊಬ್ಬ ದೂರದಿಂದಲೇ ಕೂಗಿದ:

"ಆಯಿಯೇ ಬಾಯಿ! ನಿಮ್ಮ ಮದಿವಿ ಬರಾತ್ ಬಂದದ ನೋಡ್ರಿ, ಕುಣಿಯಾಕತ್ತದ!"

ಅಕ್ಕನಿಗೆ ಆಗ ಇಪ್ಪತ್ನಾಲ್ಕು. ನೋಡಲು ಬಂದ ಎರಡು ಗಂಡುಗಳು ನೌಕರಿ ಏನೆಂದು ಕೇಳಿ ಎದ್ದು ಹೋಗಿದ್ದರು. ಅವಳು ಚೀಲವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಅಂದಳು:

"ನಿಮ್ಮ ಮನಿ ಬರಾತಿಗಿಂತ ಛಲೋ ಅದ ಕಾಕಾ. ಯಾರೂ ಕುಡದಿಲ್ಲ."

ಹಮಾಲರು ಹೋ ಎಂದು ನಕ್ಕರು. ಚೀಲದಿಂದ ಸೋರಿದ ಲೋಳೆ ನೀರು ಅವಳ ಸೀರೆಯ ಮೇಲೆ ಹರಿದು ಕಾಲಿಗೆ ಇಳಿಯಿತು. ನಾನು ಅವಳಿಂದ ಹತ್ತು ಹೆಜ್ಜೆ ಹಿಂದೆ ನಡೆದೆ. ಇಂಥವಳು ನನ್ನ ಅಕ್ಕ ಎಂದು ಬಜಾರಕ್ಕೆ ತಿಳಿಯಬಾರದು ಎಂಬಷ್ಟು ಹೇಸಿಕೆ. ಆ ರೊಟ್ಟಿ ಎಸೆದದ್ದು ಅದೇ ಸಂಜೆ.

ಈ ಹೇಸಿಕೆಯ ಬಗ್ಗೆ ನಾನು ಸುಳ್ಳು ಹೇಳುವುದಿಲ್ಲ. ಅದು ದೊಡ್ಡವನಾದ ಮೇಲೂ ಹೋಗಲಿಲ್ಲ. ಅವಳು ಹುಣಸೆಹಣ್ಣು ಹಚ್ಚಿ, ಅಂಟವಾಳ ಹಚ್ಚಿ, ಕಲ್ಲಿನಿಂದ ಉಜ್ಜಿ ಕೈ ತೊಳೆಯುತ್ತಿದ್ದಳು. ಆದರೂ ಕಣ್ಣು ಉರಿಸುವ ಆ ಫಾರ್ಮಲಿನ್ ವಾಸನೆ ಅವಳಿಗಿಂತ ಮೊದಲು ಮನೆಯೊಳಗೆ ಬರುತ್ತಿತ್ತು. ಅಥವಾ ಬರುತ್ತದೆ ಎಂದು ನನ್ನ ಮೂಗು ಗಟ್ಟಿ ಮಾಡಿಕೊಂಡಿತ್ತು.

ನಾವು ಬೌದ್ಧರು. ಭಾನುವಾರ ಬೆಳಿಗ್ಗೆ ವಿಹಾರಕ್ಕೆ ಹೋಗುವುದು, ಎಲ್ಲರೊಡನೆ ಕೂತು ಕೈ ಮುಗಿದು ಪಂಚಶೀಲ ಹೇಳುವುದು ಚಿಕ್ಕಂದಿನಿಂದ ಬಂದ ಪದ್ಧತಿ. ಜೀವ ತೆಗೆಯುವುದಿಲ್ಲ ಎಂಬುದು ಮೊದಲನೆಯದು. ಕದಿಯುವುದಿಲ್ಲ, ನಡತೆ ಕೆಡಿಸಿಕೊಳ್ಳುವುದಿಲ್ಲ, ಸುಳ್ಳು ಹೇಳುವುದಿಲ್ಲ, ಕುಡಿಯುವುದಿಲ್ಲ ಎಂಬವು ಉಳಿದ ನಾಲ್ಕು. ಒಂದು ಭಾನುವಾರ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಮೊದಲನೆಯ ಸಾಲಿಗೆ ಅವಳ ತುಟಿ ಅಲುಗಲಿಲ್ಲ. ಎರಡನೆಯದರಿಂದ ದನಿ ಸೇರಿಸಿದಳು. ಮುಂದಿನ ವಾರವೂ ಹಾಗೇ. ಹೊರಗೆ ಬಂದ ಮೇಲೆ ಕೇಳಿದೆ.

"ಒಂದನೇದ್ದು ಯಾಕ ನುಂಗ್ತಿ?"

"ನಾಕನೇದ್ದು ಏನದ ಹೇಳು."

"ಸುಳ್ಳ ಹೇಳಬಾರದು ಅಂತ."

"ಮತ್ತ? ಸೋಮವಾರ ಮುಂಜಾನಿ ನಲವತ್ತು ಕಪ್ಪಿ ಕೊಲ್ಲಾಕಿ, ಭಾನುವಾರ ಒಂದನೇದ್ದು ಹೇಳಿದ್ರ ನಾಕನೇದ್ದೂ ಮುರೀತದ. ಒಂದೇ ಮುರೀಲಿ ಬಿಡು, ಎರಡ್ಯಾಕ."

ಹೀಗೆ ಅವಳು ಮೂವತ್ತೈದು ವರ್ಷಕ್ಕೂ ಮಿಕ್ಕಿ ನಾಲ್ಕೇ ಹೇಳಿದಳು. ಕಾಲೇಜುಗಳಲ್ಲಿ ಪ್ರಾಣಿ ಕೊಯ್ಯುವುದು ನಿಂತ ಮೇಲೂ ನಾಲ್ಕೇ. "ನಿಂತದ್ದು ಸರಕಾರದ್ದು, ನಂದಲ್ಲ" ಎನ್ನುತ್ತಿದ್ದಳು.

ಅವಳು ನಿವೃತ್ತಳಾದ ವರ್ಷವೇ ಅವಳ ಮನೆಗೆ ಒಂದು ಪ್ರಾಣಿ ಬಂತು. ಜೇವರ್ಗಿ ಕಾಲೋನಿಯ ಡಾಕ್ಟರೊಬ್ಬರ ಮಗಳು ಅದನ್ನು ಹೈದರಾಬಾದಿನ ಮೀನಿನ ಅಂಗಡಿಯಿಂದ ಹಟ ಮಾಡಿ ತರಿಸಿಕೊಂಡಿದ್ದಳಂತೆ. ನಾಲ್ಕು ತಿಂಗಳಿಗೆ ಬೇಸರವಾಯಿತು. ಏನು ಮಾಡಬೇಕೆಂದು ಡಾಕ್ಟರು ಕಾಲೇಜಿಗೆ ಫೋನ್ ಮಾಡಿದರು. ಕಾಲೇಜಿನವರು ಅಕ್ಕನ ಹೆಸರು ಹೇಳಿದರು. ಇಂಥವೆಲ್ಲ ಇನ್ನೂ ಅವಳ ಪಾಲಿಗೇ ಬರುತ್ತಿದ್ದವು.

ನಾನು ನೋಡಲು ಹೋದೆ. ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ಅವಳದು ಎರಡು ಕೋಣೆಯ ಬಾಡಿಗೆ ಮನೆ, ಕೆಳಗೆ ಫರಸಿ. ಒಳಕೋಣೆಯಲ್ಲಿ ಕಾಲೇಜಿನವರು ಬೇಡವೆಂದು ಕೊಟ್ಟಿದ್ದ ದೊಡ್ಡ ಗಾಜಿನ ಪೆಟ್ಟಿಗೆ. ಅದರಲ್ಲಿ ಒಂದು ಗೇಣುದ್ದದ ಜಂತು. ಮಸಿಯಂಥ ಮೈ, ಅದರ ಮೇಲೆ ಅರಿಶಿನ ಚೆಲ್ಲಿದ ಹಾಗೆ ಕಲೆ. ಮೋಟು ಕಾಲು, ದಪ್ಪ ಬಾಲ, ಯಾವಾಗಲೂ ಜಿನುಗುವ ತೊಗಲು.

"ಇಂಥಾ ಹಲ್ಲಿ ಸಾಕ್ತಾರೇನು ಅಕ್ಕಾ ಯಾರರೆ?"

"ಹಲ್ಲಿ ಅಲ್ಲೋ ಮಬ್ಬ. ಸಲಮ್ಯಾಂಡರ್. ಕಪ್ಪಿ ಬಳಗದ್ದು."

"ಕಪ್ಪಿಗಿ ಬಾಲ ಎಲ್ಲಿಂದ ಬಂತು?"

"ನಿನಗ ಬರಬೇಕಾದ ಬುದ್ಧಿ ದಾರಿ ತಪ್ಪಿ ಅಲ್ಲಿಗಿ ಹೋಗ್ಯದ."

ಲ್ಯಾಬಿನ ಹಳೆಯ ಚಿಮಟದಿಂದ ಒಂದು ಎರೆಹುಳ ಹಿಡಿದು ಅದರ ಮುಂದೆ ತೂಗಿದಳು. ಅದು ತಲೆ ಎತ್ತಿ, ಬಹಳ ಹೊತ್ತು ನೋಡಿ, ಗಬಕ್ಕನೆ ನುಂಗಿತು. ಹುಳದ ಅರ್ಧ ತುಟಿಯಾಚೆ ಒದ್ದಾಡುತ್ತಿತ್ತು. ಆಮೇಲೆ ಕೈ ತೊಳೆದು ಬಂದು, ಅಡುಗೆಮನೆಯ ಚಿಮಟದಿಂದ ನನ್ನ ತಟ್ಟೆಗೆ ರೊಟ್ಟಿ ಹಾಕಿದಳು. ನಾನು ಉಣ್ಣದೆ ಎದ್ದೆ.

ಕಲಬುರಗಿಯ ಬಿಸಿಲಿನಲ್ಲಿ ಅಂಥ ತಂಪಿನ ಜೀವ ಉಳಿಸುವುದು ಆಟವಲ್ಲ. ಕಿಟಕಿಗಳಿಗೆ ಒದ್ದೆ ಗೋಣಿ. ಬಾಟಲಿಗಳಲ್ಲಿ ನೀರು ಗಟ್ಟಿ ಮಾಡಿ ಪೆಟ್ಟಿಗೆಯ ಬದಿಗೆ ಇಡುವುದು, ಕರಗಿದಂತೆ ಬದಲಿಸುವುದು. ಮನೆಯಲ್ಲಿದ್ದ ಒಂದೇ ಕೂಲರಿನ ಮುಖ ಅದರ ಕಡೆ. ಅವಳು ಬೆವರುತ್ತ ಬಾಗಿಲ ಬಳಿ ಮಲಗುತ್ತಿದ್ದಳು. "ಇದು ಬಾಯಿಲೆ ನೀರು ಕುಡಿಯಂಗಿಲ್ಲ, ತೊಗಲಿಲೆ ಕುಡಿತದ. ಇದಕ್ಕ ಮೈಯೆಲ್ಲಾ ಬಾಯಿ. ಎದರ ಮ್ಯಾಲ ಹರೀತದೋ ಅದು ಹೊಟ್ಟಿಗಿ ಹೋದಂಗ." ಈ ಮಾತನ್ನು ಅವಳು ನನಗೆ ಹತ್ತು ಸಲವಾದರೂ ಹೇಳಿದ್ದಾಳೆ. ತಿಳಿಯದೆ ಮಾಡಿದೆ ಎನ್ನುವ ದಾರಿ ನನಗಿಲ್ಲ.

ಆಮೇಲೆ ಗಿಡ ಹುಡುಕಲು ಶುರು ಮಾಡಿದಳು. ಆ ಪ್ರಾಣಿ ಬೆಳಕಿಗೆ ಅಂಜುತ್ತದೆ, ಎಲೆಯ ಕೆಳಗೆ ಅಡಗಿ ಬದುಕುತ್ತದೆ, ಎಲೆಯೇ ಗಾಳಿಯಲ್ಲಿ ತೇವ ಹಿಡಿದಿಡುತ್ತದೆ, ಪ್ಲಾಸ್ಟಿಕ್ ಎಲೆ ನಡೆಯದು ಎಂದಳು. ನನ್ನದು ಗಿಡದ ಅಂಗಡಿ, ಜೇವರ್ಗಿ ಕಾಲೋನಿಯ ಅಂಚಿನಲ್ಲಿ. ಮನೆ ತಾಜಸುಲ್ತಾನಪುರದಲ್ಲಿ. ಅಂಗಡಿಗೆ ಬಂದು ಅರ್ಧ ದಿನ ಕೂತಳು. ಒಂದೊಂದು ಎಲೆಯ ಅಂಚನ್ನೂ ತನ್ನ ಕೆನ್ನೆಗೆ ಸವರಿ ನೋಡುವಳು. "ಕೈ ಒರಟಾಗ್ಯಾವ, ಅವಕ್ಕ ತಿಳಿಯಂಗಿಲ್ಲ. ಕೆನ್ನಿ ಹೇಳ್ತದ." ಕ್ರೋಟನ್ ಎತ್ತಿದಳು, ಮುರಿದಲ್ಲಿ ಹಾಲು ಬಂತು, ಬೇಡ. ಇನ್ನೊಂದು ಚೆಂದ ಇತ್ತು, ಬಿಸಿಲು ಬೇಕು, ಬೇಡ. ಇನ್ನೊಂದರ ದೇಟು ಮೆದು, ಅದು ತುಳಿದರೆ ಮುರಿಯುತ್ತದೆ, ಬೇಡ. ಕಡೆಗೆ ಒಂದು ಮನಿ ಪ್ಲಾಂಟ್, ಒಂದು ಜರಿಗಿಡ ಕೆನ್ನೆಗೆ ಒಪ್ಪಿದವು.

"ಇವಕ್ಕ ಔಷಧ ಹಾಕೀಯೇನು?"

ಆವತ್ತು ನಾನು ಖರೆ ಹೇಳಿದೆ. "ಎಲ್ಲಾದಕ್ಕೂ ಹಾಕ್ತೀವಿ ಅಕ್ಕಾ. ಆಂಧ್ರದಿಂದ ಲಾರಿ ಬಂದ ದಿನಾನೇ ಕುಂಡಕ್ಕ ಒಂದೊಂದು ಚಿಟಿಕಿ ಗುಳಿಗಿ. ಬೇರಿಲೆ ಮ್ಯಾಲ ಏರ್ತದ, ಎಲಿಗಿ ಹುಳ ಹತ್ತಂಗಿಲ್ಲ. ಹುಳ ತಿಂದ ಎಲಿ ಯಾರ್ ತಗೋತಾರ?"

"ಹಂಗಾರ ಬ್ಯಾಡ" ಎಂದು ಎರಡನ್ನೂ ಇದ್ದಲ್ಲೇ ಇಟ್ಟಳು. "ನಾಳಿ ಕಮಲಾಪುರಕ್ಕ ಹೋಗೋಣ ನಡಿ."

ಕಮಲಾಪುರ ಅವ್ವನ ತವರು. ಮಾವನ ಮಗ ಅಲ್ಲಿ ಕೆಂಪು ಬಾಳೆಯ ತೋಟ ಮಾಡುತ್ತಾನೆ. ತೋಟದೊಳಗೆ ನೆರಳು, ತೇವ, ಬಾಳೆಯ ಬುಡದಲ್ಲಿ ಹಸಿರು ಪಾಚಿ. ನಾನು ಬಗ್ಗಿ ಕೀಳಲು ಹೋದೆ. ಅಕ್ಕ ತಡೆದು ಮಾವನ ಮಗನಿಗೆ ಕೇಳಿದಳು:

"ಬಾಳಿಗಿ ಗುಳಿಗಿ ಹಾಕ್ತೀಯೇನಪ?"

"ಹಾಕದಿದ್ದರ ಹುಳ ಬಿಡ್ತದೇನ್ ಅಕ್ಕಾ? ಬುಡಾನೇ ಕೊರದು ಒಗೀತದ."

"ಹಂಗಾರ ಇಲ್ಲಿಂದ ಒಂದು ಕಡ್ಡಿನೂ ಬ್ಯಾಡ."

ಅವನು ನಗುತ್ತ ನನ್ನನ್ನು ನೋಡಿದ. "ಮನಷ್ಯಾರು ತಿನ್ನೋ ಹಣ್ಣಿಗಿ ನಡೀತದ, ನಿಮ್ಮ ಹಲ್ಲಿಗಿ ನಡ್ಯಂಗಿಲ್ಲೇನು?"

"ಹಲ್ಲಿ ಅಲ್ಲೋ!" ಎಂದು ಅವನಿಗೂ ಬೈದಳು.

ಊರ ಹೊರಗೆ ಯಾರೂ ಬಳಸದ ಒಂದು ಮೆಟ್ಟಿಲ ಬಾವಿ ಇದೆ. ಅರವತ್ತರ ಆ ಹೆಂಗಸು ಸೀರೆ ಎತ್ತಿ ಕಟ್ಟಿ ಕಡೆಯ ಮೆಟ್ಟಿಲವರೆಗೆ ಇಳಿದಳು. ಕಲ್ಲಿನ ಸಂದಿಯಲ್ಲಿ ಜರಿಗಿಡ, ಕೆಳಗೆ ಮಖಮಲ್ಲಿನಂಥ ಪಾಚಿ. ಊಟದ ಚಮಚದಿಂದ ಬೇರು ಹರಿಯದಂತೆ ಬಿಡಿಸಿ ಬಿಡಿಸಿ ಮೇಲೆ ಕೊಟ್ಟಳು. ಬಾವಿಯಲ್ಲಿ ಸತ್ತ ಪಾರಿವಾಳ ತೇಲುತ್ತಿತ್ತು, ನಾನು ಮೂಗು ಮುಚ್ಚಿಕೊಂಡೇ ಇಸಕೊಂಡೆ. ಮೇಲೆ ಬಂದವಳು ಮಾವನ ಮಗ ಕೊಟ್ಟಿದ್ದ ಕೆಂಪು ಬಾಳೆಹಣ್ಣನ್ನು ಸುಲಿದು ಮುರಿದು, ಅರ್ಧ ನನ್ನ ಕಡೆ ಚಾಚಿದಳು. ಕೈಯಿಂದ, ಮರೆತು. ಚಾಚಿದ ಮೇಲೆ ನೆನಪಾಗಿ ಕೈ ಹಿಂದೆ ಎಳೆದುಕೊಳ್ಳಲಿಕ್ಕೆ ಹೋದಳು. ನಾನು ಇಸಕೊಂಡು ತಿಂದೆ. ಮಣ್ಣಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅಕ್ಕ ಬಾವಿಯ ಕಡೆ ತಿರುಗಿಕೊಂಡು ಉಳಿದರ್ಧ ತಿಂದಳು.

ತಂದ ಗಿಡಗಳನ್ನು ಮೂರು ತಿಂಗಳು ಹಿತ್ತಲಲ್ಲಿ ಬೇರೆ ಇಟ್ಟಳು. ಎಲೆ ತೊಳೆದಳು, ಬೇರು ತೊಳೆದಳು, ಮಣ್ಣು ಬದಲಿಸಿದಳು. ಆಮೇಲೆ ಪೆಟ್ಟಿಗೆಗೆ ಇಳಿಸಿದಳು. ಆ ಪ್ರಾಣಿ ಜರಿಗಿಡದ ಬುಡದಲ್ಲಿ ತನ್ನ ಮೈಯಷ್ಟೇ ಅಗಲದ ಗೂಡು ಮಾಡಿಕೊಂಡಿತು. ಒಂದು ಬೇಸಿಗೆ ದಾಟಿತು. ದಾಟಿದ ಮೇಲಿನ ಒಂದು ಭಾನುವಾರ ವಿಹಾರದಲ್ಲಿ ನನ್ನ ಪಕ್ಕದಿಂದ ಹೊಸ ದನಿ ಕೇಳಿಸಿತು. ಅಕ್ಕ ಮೊದಲನೆಯ ಸಾಲನ್ನು ಹೇಳುತ್ತಿದ್ದಳು, ಮೆಲ್ಲಗೆ, ಹೊಸದಾಗಿ ಸೈಕಲ್ ಕಲಿಯುವವರ ಹಾಗೆ.

"ಏನಕ್ಕಾ, ಐದೂ ಆದ್ವಲ್ಲ ಇವತ್ತು?"

"ಅದು ಬದುಕ್ಯದಲ್ಲೋ" ಎಂದಳು. "ನನ್ನ ಕೈಯಾಗ ಒಂದು ಜೀವ ಬ್ಯಾಸಗಿ ದಾಟ್ಯದ."

ಅಕ್ಕ ನನ್ನ ಮಗಳ ತಲೆ ಬಾಚುವುದು, ಅವಳಿಗೆ ತುತ್ತು ಕೊಡುವುದು, ಎಲ್ಲ ಆ ವರ್ಷವೇ ಶುರುವಾಯಿತು. ಅದಕ್ಕೆ ಮೊದಲು ಅವಳು ಮಗುವನ್ನು ಮುಟ್ಟುವಾಗ ಸೆರಗಿನಿಂದ ಕೈ ಸುತ್ತಿಕೊಳ್ಳುತ್ತಿದ್ದಳು.

ಈ ನಡುವೆ ನನ್ನ ಅಂಗಡಿಯಲ್ಲಿ ಒಂದು ಬದಲಾವಣೆಯಾಗಿತ್ತು. ಕಾಲೋನಿಯ ಗಿರಾಕಿಗಳು, "ಕೆಮಿಕಲ್ ಇಲ್ಲ ಅಲ್ಲರೀ? ಮನ್ಯಾಗ ಸಣ್ಣ ಹುಡುಗರು ಇದ್ದಾರ" ಎಂದು ಕೇಳತೊಡಗಿದ್ದರು. ನಾನು ಬೋರ್ಡು ಬರೆದೆ: "ಇಲ್ಲಿ ಎಲ್ಲ ಗಿಡಗಳೂ ಸಾವಯವ." ಗುಳಿಗೆಯ ಡಬ್ಬಿಯನ್ನು ಕಪಾಟಿನಿಂದ ತೆಗೆದು ಗೊಬ್ಬರದ ಚೀಲದ ಹಿಂದೆ ಇಟ್ಟೆ. ಅಷ್ಟೇ ಬದಲಾವಣೆ. ಎಲೆಗೆ ಒಂದು ತೂತೂ ಇಲ್ಲದ್ದನ್ನು ನೋಡಿ ಜನ, "ನಿಮ್ಮ ಕೈಗುಣ ಛಲೋ ಅದ ರೀ" ಎನ್ನುತ್ತಿದ್ದರು. ಅಕ್ಕನೂ ಬೋರ್ಡು ನೋಡಿ, "ಬಿಟ್ಟಿಯೇನೋ ಆ ಗುಳಿಗಿ?" ಎಂದು ಕೇಳಿದಳು. "ಬಿಟ್ಟೀನಿ" ಎಂದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು.

ಎರಡನೆಯ ಬೇಸಿಗೆ ಕೆಟ್ಟದಾಗಿ ಬಂತು. ಬಾವಿಯ ಜರಿಗಿಡ ಪೆಟ್ಟಿಗೆಯಲ್ಲಿ ಒಣಗಿತು. ಕಮಲಾಪುರದ ಬಾವಿಯೂ ಬತ್ತಿದೆ ಎಂದು ಮಾವನ ಮಗ ಫೋನಿನಲ್ಲಿ ಹೇಳಿದ. ಅಡಗಲು ಎಲೆಯಿಲ್ಲದೆ ಆ ಪ್ರಾಣಿ ಮೂಲೆಯಲ್ಲಿ ಮುದುಡಿ ಬೀಳತೊಡಗಿತು. ಒಂದು ಮಧ್ಯಾಹ್ನ ಅಕ್ಕ ಆಟೋದಲ್ಲಿ ಅಂಗಡಿಗೆ ಬಂದಳು. ಮುಖ ಬೆವರಿ ತೊಯ್ದಿತ್ತು. ಕೈಯಲ್ಲಿ ಮೊಸರಿನ ಡಬ್ಬಿ, ಅದರ ಮುಚ್ಚಳಕ್ಕೆ ತೂತು, ಒಳಗೆ ಆ ಪ್ರಾಣಿಗೆ ತಂದ ಎರೆಹುಳ. ಅದನ್ನು ನನ್ನ ಮೇಜಿನ ಮೇಲೆ, ನನ್ನ ಊಟದ ಡಬ್ಬಿಯ ಪಕ್ಕದಲ್ಲೇ ಇಟ್ಟಳು.

ಅದೇ ಹೊತ್ತಿಗೆ ಕಾಲೋನಿಯ ಒಬ್ಬ ಮಾಸ್ತರು, ಅವರ ಹೆಂಡತಿ ಬಾಲ್ಕನಿಗೆ ಗಿಡ ಆರಿಸುತ್ತಿದ್ದರು. ನನ್ನಲ್ಲಿ ಒಂದು ಹನಿ ಔಷಧವೂ ಇಲ್ಲ ಎಂದು ಆಗಷ್ಟೇ ಅವರಿಗೆ ಹೇಳಿ ಮುಗಿಸಿದ್ದೆ. ಆ ಹೆಂಗಸು ಡಬ್ಬಿಯ ತೂತಿನಿಂದ ಹೊರಬಂದ ಒಂದು ಹುಳದ ತುದಿಯನ್ನು ನೋಡಿ ಹಿಂದೆ ಸರಿದರು. ಇವಳು ಬೇಗ ಹೋದರೆ ಸಾಕು ಎಂದು ನನಗೆ ಮೈಯೆಲ್ಲ ಉರಿಯಿತು. ಸ್ಟೇಶನ್ನಿನಲ್ಲಿ ಹತ್ತು ಹೆಜ್ಜೆ ಹಿಂದೆ ನಡೆದ ಹುಡುಗ ನಾನೇ, ವಯಸ್ಸಷ್ಟೇ ಐವತ್ತು.

ಅಕ್ಕ ಜರಿಗಿಡಗಳ ಸಾಲಿಗೆ ಹೋಗಿ ಒಂದನ್ನು ಎತ್ತಿ ಕೆನ್ನೆಗೆ ಸವರಿದಳು. ಹಿಂದಿನ ದಿನವಷ್ಟೇ ಲಾರಿಯಿಂದ ಇಳಿದ ಮಾಲು. ಹಿಂದಿನ ದಿನವಷ್ಟೇ ನಾನು ಚಿಟಿಕೆ ಹಾಕಿದ ಕುಂಡ.

"ಇದಕ್ಕ ಏನೂ ಹಾಕಿಲ್ಲ ಹೌದಲ್ಲೋ?"

ಮಾಸ್ತರ ಹೆಂಡತಿ ನನ್ನನ್ನು ನೋಡಿದರು.

"ಬೋರ್ಡ್ ಓದಾಕ ಬರಂಗಿಲ್ಲೇನ್ ಅಕ್ಕಾ?" ಎಂದು ನಕ್ಕೆ.

"ಬೋರ್ಡ್ ಬ್ಯಾಡ. ನೀ ಹೇಳು. ಈ ಸಲ ಬ್ಯಾರೆ ಇಡಾಕ ಟೈಮ್ ಇಲ್ಲ. ಮಣ್ಣು ತೆಗದ್ರ ಈ ಬಿಸಿಲಾಗ ಗಿಡ ಉಳಿಯಂಗಿಲ್ಲ. ಹಂಗೇ ಇಡ್ತೀನಿ. ನೀ ಹೇಳಿದಿ ಅಂದ್ರ ಮುಗೀತು."

"ಇಲ್ಲ ಅಕ್ಕಾ. ಏನೂ ಹಾಕಿಲ್ಲ."

ಅವಳು ಕುಂಡವನ್ನು ಎದೆಗೆ ಒತ್ತಿಕೊಂಡಳು. ಹೋಗುವಾಗ ಆ ಹೆಂಗಸಿಗೆ ಹೇಳಿದಳು: "ನಮ್ಮ ತಮ್ಮ ರೀ. ಇವನ ಕೈಯಾಗ ಒಣ ಕಟ್ಟಿಗಿನೂ ಚಿಗೀತದ."

ಗಿರಾಕಿಗಳು ಹೋದ ಮೇಲೆ ಫೋನ್ ಮಾಡಬಹುದಿತ್ತು. ಫೋನ್ ಜೇಬಿನಲ್ಲೇ ಇತ್ತು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅವಳ ಓಣಿಯ ಬಾಯಿಗೆ ಬಂದು ಗಾಡಿ ನಿಲ್ಲಿಸಿದ್ದೂ ಉಂಟು. ಒಂದು ಚಿಟಿಕೆ, ನೀರು ಹಾಕಿದರೆ ಹೋಗುತ್ತದೆ ಎಂದುಕೊಂಡೆ. ಬೋರ್ಡು ಸುಳ್ಳೆಂದು ಅವಳಿಗೆ ಹ್ಯಾಂಗ ಹೇಳುವುದು ಎಂದುಕೊಂಡೆ. ಇನ್ನೂ ಒಂದನ್ನು ಅಂದುಕೊಂಡೆ, ಅದನ್ನೂ ಬರೆದುಬಿಡುತ್ತೇನೆ: ಸತ್ತರೆ ಸಾಯಲಿ, ಆ ಹೊಲಸು ಮನೆಯಿಂದ ಹೋಗುತ್ತದೆ. ಗಾಡಿ ತಿರುಗಿಸಿದೆ.

ನಾಲ್ಕನೆಯ ದಿನ ಮುಂಜಾನೆ ಅವಳ ಫೋನು. "ಬಾ" ಎಂದಳು, ಅಷ್ಟೇ.

ಆ ಪ್ರಾಣಿ ಜರಿಗಿಡದ ಬುಡದಲ್ಲಿ ಅಂಗಾತ ಬಿದ್ದಿತ್ತು. ಬಾಯಿ ತೆರೆದು ಬಿಳಿ ನೊರೆ. ಮೈಮೇಲಿನ ತೊಗಲು ನೀರಿನಲ್ಲಿ ನೆಂದ ಕಾಗದದಂತೆ ಸುಲಿದು, ಕಾಲಿನ ಬಳಿ ಸುರುಳಿಯಾಗಿತ್ತು. ಬಾಲ ಇನ್ನೂ ಮೆಲ್ಲಗೆ ಅದುರುತ್ತಿತ್ತು. ಅಕ್ಕ ನೆಲದ ಮೇಲೆ ಕೂತು ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು ನೋಡುತ್ತಿದ್ದಳು.

"ಬೆಳಗಿನಿಂದ ಒದ್ದಾಡ್ತದೋ. ಥೇಟ್ ಕ್ಲೋರೋಫಾರ್ಮ್ ಕೊಟ್ಟ ಕಪ್ಪಿ ಹಂಗ."

ಬಾಲದ ಅದುರು ನಿಂತಿತು. ಅವಳು ಒಂದು ಬಟ್ಟೆ ತರಲು ಹೊರಕೋಣೆಗೆ ಎದ್ದು ಹೋದಳು. ನಾನು ಜರಿಗಿಡದ ಬುಡಕ್ಕೆ ಬೆರಳು ಹಾಕಿದೆ. ಮೇಲಿನ ಮಣ್ಣು ಸರಿಸಿದ ಕೂಡಲೆ ಗುಳಿಗೆಯ ನೀಲಿ ಕಾಳು ಕಂಡವು, ನೆನೆದು ಅರ್ಧ ಕರಗಿ. ಅವುಗಳ ನಡುವೆ ಮೂರು ಎರೆಹುಳ, ಸತ್ತು ಬೆಳ್ಳಗಾಗಿ ಉಬ್ಬಿದವು. ಅವಳ ಹೆಜ್ಜೆ ಕೇಳಿಸಿತು. ಮಣ್ಣನ್ನು ಒತ್ತಿ ಮುಚ್ಚಿದೆ. ಬೆರಳನ್ನು ಪ್ಯಾಂಟಿಗೆ ಒರೆಸಿದೆ.

ಬಟ್ಟೆಯಲ್ಲಿ ಅದನ್ನು ಸುತ್ತುತ್ತ ಅಕ್ಕ ಅಂದಳು: "ಮೊನ್ನಿ ಕೈಗವಸು ಹಾಕ್ಕೊಳ್ಳಲಾರದ ಹಿಡದಿದ್ದೆ. ಇಷ್ಟು ವರ್ಷ ಲ್ಯಾಬಿನ್ಯಾಗ ಮುಟ್ಟಿದ್ದು ಈ ಕೈ ತೊಗಲಾಗ ಕುಂತಿರಬೇಕು. ತೊಳದ್ರ ಹೋಗೂದು ಅಲ್ಲ ಅದು. ನನ್ನ ಕೈಲೇ ಹತ್ತಿತೇನೋ ಇದಕ್ಕ?"

ಕೇಳಿ ನನ್ನ ಮುಖ ನೋಡಿದಳು. ಇಲ್ಲ ಎಂದು ನಾನು ಹೇಳಲಿ ಎಂದೇ ಅವಳು ಕೇಳಿದ್ದು. ಅದು ನನಗೆ ಗೊತ್ತಾಯಿತು.

"ಇರಬಹುದು, ಅಕ್ಕಾ" ಎಂದೆ.

ಅವಳು ತಲೆಯಾಡಿಸಿದಳು. ಆ ಗಿಡವನ್ನು ವಾಪಸ್ ಒಯ್ಯುತ್ತೇನೆ, ನೋಡಿದರೆ ನಿನಗೆ ನೆನಪಾಗುತ್ತದೆ ಎಂದೆ. "ಗಿಡ ಏನ್ ಮಾಡ್ಯದೋ ಪಾಪ? ಇರಲಿ" ಎಂದಳು.

ಮುಂದಿನ ಭಾನುವಾರ ವಿಹಾರದಲ್ಲಿ ಮೊದಲನೆಯ ಸಾಲಿಗೆ ಅವಳ ತುಟಿ ಮುಚ್ಚಿತ್ತು. ನನ್ನ ಮಗಳು ಬಾಚಣಿಗೆ ಹಿಡಿದು ಅವಳ ಮುಂದೆ ಬೆನ್ನು ಮಾಡಿ ಕೂತರೆ, "ನಿಮ್ಮವ್ವನ ಕಡೆ ಹಾಕಿಸಿಕೊ ಹೋಗು" ಎಂದಳು. ಮಗಳು ಯಾಕೆ ಎಂದು ಅತ್ತಳು. ಚಿಮಟ ಈಗ ಎಲ್ಲರ ತಟ್ಟೆಗೂ ಬಂತು, ಅವಳದಕ್ಕೂ.

ಚಳಿಗಾಲದಲ್ಲಿ ಅವಳಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ದಿನ ಹೇಳಿಬಿಡಬೇಕೆಂದೇ ಹೋಗಿ ಮಂಚದ ಪಕ್ಕ ಕೂತೆ. ಅವಳ ಕೈ ಹಿಡಿಯಲು ಹೋದೆ. ಹೊದಿಕೆಯ ಕೆಳಗೆ ಸರಿಸಿಕೊಂಡಳು. "ಹಿಡೀಬ್ಯಾಡೋ. ನಿಂದು ಗಿಡದ ಕೈ" ಎಂದಳು. ನಾನು ಅವಳ ಹೊದಿಕೆ ಸರಿಪಡಿಸಿದೆ. ಜರಿಗಿಡಕ್ಕೆ ನೀರು ಹಾಕಿದೆಯಾ ಎಂದು ಕೇಳಿದಳು. ಹಾಕಿದ್ದೇನೆ ಎಂದೆ. ಹಾಕಿರಲಿಲ್ಲ. ಮರುದಿನ ಬೆಳಿಗ್ಗೆ ಅವಳಿರಲಿಲ್ಲ.

ಮನೆ ಖಾಲಿ ಮಾಡಲು ಹೋದಾಗ ಗಾಜಿನ ಪೆಟ್ಟಿಗೆಯನ್ನು ಅವಳು ತೊಳೆದು ಬೋರಲು ಹಾಕಿಟ್ಟಿದ್ದಳು. ಜರಿಗಿಡ ಕಿಟಕಿಯಲ್ಲಿತ್ತು. ಒಂದು ವಾರ ನೀರಿಲ್ಲದೆಯೂ ಹಸಿರು, ಎಲೆಗೆ ಒಂದು ತೂತೂ ಇಲ್ಲ. ತಂದು ಅಂಗಡಿಯ ಹಿಂದೆ ಇಟ್ಟೆ. ಮೊನ್ನೆ ಒಬ್ಬರು ಅದನ್ನೇ ಬೇಕೆಂದು ಹಟ ಹಿಡಿದರು, "ಏನ್ ಹುಲುಸಾಗ್ಯದ್ರೀ!" ಎಂದು. ಮಾರುವುದಿಲ್ಲ ಎಂದೆ. ಮುಟ್ಟಿದ ಕೈ ತೊಳೆದುಕೊಳ್ಳಿ ಎಂದೂ ಹೇಳಬೇಕಿತ್ತು, ಹೇಳಲಿಲ್ಲ. ಬೋರ್ಡು ಇನ್ನೂ ಇದೆ.

ಅಕ್ಕ ತೀರಿದ ಮೇಲಿನ ಪುಣ್ಯಾನುಮೋದನೆಯ ವಿಧಿ ವಿಹಾರದಲ್ಲೇ ಆಯಿತು. ಕಾಲೇಜಿನವರು ಬಂದಿದ್ದರು. ಸ್ಟೇಶನ್ನಿನ ಮುದಿ ಹಮಾಲನೊಬ್ಬ ಬಂದು ಹಿಂದೆ ನಿಂತಿದ್ದ. ಒಡಹುಟ್ಟಿದವನು ನಾನೊಬ್ಬನೇ, ಆದ್ದರಿಂದ ಪಂಚಶೀಲವನ್ನು ನಾನೇ ಮುಂದೆ ನಿಂತು ಹೇಳಿಸಬೇಕೆಂದರು. ಮೊದಲನೆಯ ಸಾಲು ಬಂತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಅದನ್ನು ಹೇಳಿದೆ. ಎರಡು, ಮೂರು ಹೇಳಿದೆ. ನಾಲ್ಕನೆಯದನ್ನೂ ಹೇಳಿದೆ, ದನಿ ನಡುಗಲಿಲ್ಲ. ಐದೂ ಹೇಳಿ ಮುಗಿಸಿ ಕೂತೆ.

ಹೊರಗೆ ಬಂದಾಗ ಹೆಂಡತಿ ಚಪ್ಪಲಿ ಹಾಕಿಕೊಳ್ಳುತ್ತ ಅಂದಳು: "ಭಾಳ ಛಲೋ ಹೇಳಿದ್ರಿ. ಒಂದು ಸಾಲೂ ತಪ್ಪಲಿಲ್ಲ."